ಮಾತುಂಟು, ಮತವಿಲ್ಲ

ವಾಷಿಂಗ್ಟನ್
೭ ಡಿಸೆಂಬರ್ ೧೮೭೩

ಪ್ರಿಯ ಥರ್ಜಾ,

ಕ್ಷೇಮವಾಗಿ ಬಂದು ಸೇರಿದೆ. ಒಮಾಹಾ ದಾಟುವವರೆಗೂ ನಿನ್ನ ಒಣ ಸೇಬಿನ ಕಡುಬು ಜೊತೆಗಿತ್ತು. ಆಮೇಲೆ ರೈಲಿನವರು ಕೊಟ್ಟಿದ್ದನ್ನು ತಿಂದೆ, ಅದರ ವಿಷಯ ಬೇಡ.

ಇಲ್ಲಿ ನನಗೊಂದು ಕುರ್ಚಿ ಕೊಟ್ಟಿದ್ದಾರೆ. ಕಾಂಗ್ರೆಸ್ ಸಭೆಯ ಕೊನೆಯ ಸಾಲು, ಬಾಗಿಲ ಪಕ್ಕ. ಯಾರು ಒಳಗೆ ಬಂದರೂ ಚಳಿಗಾಳಿ ಮೊದಲು ಬಡಿಯುವುದು ನನ್ನ ಕತ್ತಿಗೇ. ಕುರ್ಚಿಯ ಮುಂದೆ ಮೇಜು, ಮೇಜಿನ ಕೆಳಗೆ ಪೀಕದಾನಿ. ರಾಜ್ಯಗಳಿಂದ ಬಂದವರಿಗೆ ಇರುವುದೆಲ್ಲ ನನಗೂ ಇದೆ, ಒಂದನ್ನು ಬಿಟ್ಟು. ನಮ್ಮಂಥ, ಇನ್ನೂ ರಾಜ್ಯವಾಗದ ಟೆರಿಟರಿಯ ಪ್ರತಿನಿಧಿ ಮಾತಾಡಬಹುದು, ಮತ ಹಾಕುವಂತಿಲ್ಲ. ಇದೇನು ನನಗೆ ಗೊತ್ತಿರದ ಸಂಗತಿಯಲ್ಲ. ಆದರೆ ಮೊನ್ನೆ ಗುಮಾಸ್ತ ಮತಕ್ಕಾಗಿ ಒಂದೊಂದೇ ಹೆಸರು ಕೂಗುತ್ತ ಬಂದಾಗ ಮೈಮರೆತು ಎದ್ದು ನಿಲ್ಲಲು ಹೋದೆ. ಅವನು ನನ್ನನ್ನು ದಾಟಿ ಮುಂದಿನ ಹೆಸರಿಗೆ ಹೋಗಿದ್ದ. ಪಕ್ಕದವನು ನನ್ನ ಕೋಟು ಹಿಡಿದೆಳೆದು ಕೂರಿಸಿದ.

ಹೆಸರು ಹಿಡಿದು ಕರೆಯುವುದು ಈ ಸಭೆಯ ನಿಯಮಕ್ಕೆ ವಿರುದ್ಧ. ಒಬ್ಬರು ‘ಮೇಯ್ನ್‌ನ ಮಹನೀಯರು’, ಇನ್ನೊಬ್ಬರು ‘ಓಹಾಯೋದ ಮಹನೀಯರು’. ನಾನು ‘ಟೆರಿಟರಿಯ ಮಹನೀಯರು’. ಊರಿನಲ್ಲಾದರೆ ಜಡ್ಜ್. ಒಂದು ದಿನವೂ ನ್ಯಾಯಪೀಠ ಹತ್ತದವನಿಗೆ ಜಡ್ಜ್ ಎಂಬ ಬಿರುದು! ನಮ್ಮ ಕಡೆ ಕಾಲರ್ ತೊಟ್ಟ ವಕೀಲರೆಲ್ಲ ಜಡ್ಜ್‌ಗಳು, ಮೀಸೆ ಬಿಟ್ಟವರೆಲ್ಲ ಕ್ಯಾಪ್ಟನ್‌ಗಳು ತಾನೆ. ಮನೆ ಬಿಟ್ಟಾಗಿನಿಂದ ನನ್ನ ಹೆಸರನ್ನು ಯಾರ ಬಾಯಲ್ಲೂ ಕೇಳಿಲ್ಲ. ನನ್ನನ್ನು ನೀನು ಎನ್ನುವವರು ಈ ಊರಿನಲ್ಲಿ ಒಬ್ಬರೂ ಇಲ್ಲ.

ಸೇಜ್ ಫೋರ್ಕ್ ಹೊಳೆಗೆ ಸೇತುವೆ ಬೇಕೆಂದು ಮಸೂದೆ ಮಂಡಿಸಿದ್ದೇನೆ. ಅದು ಆಗುವವರೆಗೆ ಬೇರೆ ಯಾವುದನ್ನೂ ಕೈಗೆತ್ತಿಕೊಳ್ಳುವುದಿಲ್ಲ. ಯಾಕೆಂದು ನಿನಗೆ ಹೇಳಬೇಕಾಗಿಲ್ಲ.

ಮನೆಗೆ ಬೀಗ ಹಾಕಿ ನೀನೂ ಬಂದುಬಿಡು. ಹೊಳೆ ಹೆಪ್ಪುಗಟ್ಟಿರುವಾಗಲೇ ಹೊರಡು. ನಾನೂ ಹಾಗೆಯೇ ಬಂದೆ.

ನಿನ್ನ,
ಎ. ಹ್ಯಾಲೋಕ್


ಸೇಜ್ ಫೋರ್ಕ್
೧೧ ಜನವರಿ ೧೮೭೪

ಪ್ರಿಯ ಅಬ್ನರ್,

ಹೆಸರು ಕೇಳದೆ ಸೊರಗಿದ್ದೇನೆ ಎಂದು ಬರೆದಿದ್ದೀಯ. ಕೇಳಿಸಿಕೋ: ಅಬ್ನರ್, ಅಬ್ನರ್, ಅಬ್ನರ್. ಒಲೆಯ ಮುಂದೆ ನಿಂತು ಗಟ್ಟಿಯಾಗಿಯೇ ಕೂಗಿದೆ, ಕೋಳಿಗಳು ಬೆದರಿ ಮೇಜಿನ ಮೇಲೆ ಹಾರಿದವು. ಈ ಚಳಿಗೆ ಕೋಳಿಗಳನ್ನು ಅಡಿಗೆಮನೆಯೊಳಗೇ ತಂದುಕೊಂಡಿದ್ದೇನೆ. ನಿನ್ನ ಕುರ್ಚಿಯಲ್ಲಿ ಕೂರುವುದು ಆ ಕೆಂಪು ಹುಂಜ. ಅದೂ ಹೊತ್ತು ಗೊತ್ತಿಲ್ಲದೆ ಭಾಷಣ ಮಾಡುತ್ತದೆ, ಹಾಗಾಗಿ ಅಷ್ಟೇನೂ ವ್ಯತ್ಯಾಸ ಕಾಣುವುದಿಲ್ಲ.

ನಿನಗೆ ಮಾತುಂಟು, ಮತವಿಲ್ಲ. ನನಗೆ ಮತವುಂಟು, ಮಾತಾಡಲು ಮನೆಯಲ್ಲಿ ಜನವಿಲ್ಲ. ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ. ಹೆಂಗಸರಿಗೂ ಮತ ಎಂದು ನೀನು ನಮ್ಮ ಚುನಾವಣಾ ಕಾನೂನು ಬರೆದದ್ದು ಇದೇ ಮೇಜಿನ ಮೇಲೆ, ದೀಪದ ಬತ್ತಿ ಕತ್ತರಿಸುತ್ತ ಕೂತಿದ್ದವಳು ನಾನು. ಆಗ ಈ ಮನೆಯಲ್ಲಿ ಎಷ್ಟು ಗಲಾಟೆಯಿತ್ತು!

ಅಂಗಡಿಗೆ ಹೋದರೆ ಲಿಂಡ್‌ಕ್ವಿಸ್ಟ್ ಕೇಳುತ್ತಾನೆ, “ಏನಮ್ಮಾ, ಜಡ್ಜ್ ಸಾಹೇಬ್ರು ದಿನಾ ಪ್ರೆಸಿಡೆಂಟರ ಜೊತೆ ಊಟ ಮಾಡ್ತಾರಂತೆ?”

“ಹೂಂ ಕಣಪ್ಪ. ಪ್ರೆಸಿಡೆಂಟರು ಪಾತ್ರೆ ತೊಳೀತಾರೆ, ನಮ್ಮವರು ಒರೆಸಿಡ್ತಾರೆ” ಎಂದೆ. ಪಾಪ, ಅರ್ಧ ನಂಬಿದ.

ನಾನು ಅಲ್ಲಿಗೆ ಬರುವುದಿಲ್ಲ. ಈಬೆನ್‌ನನ್ನು ಒಬ್ಬನನ್ನೇ ಬಿಟ್ಟು ಹೇಗೆ ಬರಲಿ? ಭಾನುವಾರ ದಿಬ್ಬ ಹತ್ತಿ ಅವನ ಮೇಲಿನ ಹಿಮ ಗುಡಿಸಿ ಬರುತ್ತೇನೆ. ಹೆಸರು ಬರೆದೆನೆಂದು ಕೋಪಿಸಿಕೊಳ್ಳಬೇಡ. ಮಣ್ಣು ಮಾಡಿದ ದಿನದಿಂದ ಆ ಹೆಸರು ನಿನ್ನ ಬಾಯಲ್ಲಿ ಬಂದಿಲ್ಲ. ಮೊದಲು ‘ಆ ಜಾಗ’ ಎನ್ನುತ್ತಿದ್ದೆ, ಈಗ ‘ಸೇತುವೆ’ ಎನ್ನುತ್ತೀಯ. ಆ ದಿನ ಹೊಳೆ ಉಕ್ಕಿತ್ತು. ನೀನು ಕೋರ್ಟಿನ ಸುತ್ತು ಮುಗಿಸಿ ಬರುತ್ತಿದ್ದೆ. ಆಚೆ ದಡದಲ್ಲಿ ನಿನ್ನ ಕುದುರೆ ಕಂಡದ್ದೇ ತಡ, ಮಗ ಅಪ್ಪನ ಎದುರಿಗೆ ಹೋಗುತ್ತೇನೆಂದು ಹೊಳೆ ದಾಟುವ ಕಡವಿನಲ್ಲಿ ಇಳಿದ. ಇದರಲ್ಲಿ ಯಾರ ಮೇಲೆ ಮೊಕದ್ದಮೆ ಹೂಡುತ್ತೀಯ?

ಸೇತುವೆ ಆಗಲಿ, ಬೇಡವೆನ್ನುವುದಿಲ್ಲ. ಬೇಸಿಗೆಗೆ ನೀನು ಬಾ.

ನಿನ್ನ,
ಥರ್ಜಾ


ವಾಷಿಂಗ್ಟನ್
೧೯ ಏಪ್ರಿಲ್ ೧೮೭೪

ಪ್ರಿಯ ಥರ್ಜಾ,

ಉತ್ತರ ತಡವಾಯಿತು. ಬರೆಯಲು ಕೂತಾಗಲೆಲ್ಲ ಯಾರಾದರೂ ಬಂದರು ಎಂದು ಹೇಳಬಹುದು. ನಿಜವೆಂದರೆ ಯಾರೂ ಬರುವುದಿಲ್ಲ. ಊಟದ ಮನೆಯ ಒಡತಿ ಶ್ರೀಮತಿ ಪ್ರೂಯಿಟ್ ಮಾತ್ರ ದಿನವೂ ಹೊಸದಾಗಿ ಪರಿಚಯ ಮಾಡಿಕೊಳ್ಳುತ್ತಾಳೆ. “ರಾಯರೇ, ನೀವು ಯಾವ ಟೆರಿಟರಿ ಅಂದ್ರಿ? ಅಲ್ಲೆಲ್ಲ ಮನೆಗೆ ಬಾಗಿಲು ಇಟ್ಕೋತೀರಾ?” ಬಾಗಿಲು ಇದೆ, ಕದ ತಟ್ಟುವವರು ಕಡಿಮೆ ಎಂದೆ. ಎರಡನೆಯ ಸಲ ಕೇಳಿದಾಗಲೂ ಅದನ್ನೇ ಹೇಳಿದೆ.

ಕಳೆದ ವಾರ ಸೇತುವೆಯ ಬಗ್ಗೆ ಮಾತಾಡಲು ಸಮಯ ಕೊಟ್ಟರು. ನಾನು ಎದ್ದದ್ದನ್ನು ನೋಡಿ ಮುಂದಿನ ಸಾಲಿನವರು ಊಟಕ್ಕೆ ಎದ್ದರು. ಉಳಿದವರು ಪತ್ರಿಕೆ ಬಿಡಿಸಿದರು. ಬರೆದಿಟ್ಟುಕೊಂಡದ್ದನ್ನೆಲ್ಲ ಓದಿದೆ: ವಸಂತದಲ್ಲಿ ನೀರು ಎಷ್ಟು ಏರುತ್ತದೆ, ಎಷ್ಟು ಬಂಡಿಗಳು ಮುಳುಗಿವೆ, ಅಂಚೆ ಎಷ್ಟು ವಾರ ನಿಲ್ಲುತ್ತದೆ. ಒಂದು ಸಂಗತಿ ಮಾತ್ರ ಹೇಳಲಿಲ್ಲ. ಅದನ್ನು ಹೇಳಿದ್ದರೆ ಒಬ್ಬಿಬ್ಬರು ಪತ್ರಿಕೆ ಕೆಳಗಿಡುತ್ತಿದ್ದರೋ ಏನೋ. ಮತಕ್ಕೆ ಹಾಕಿದರು, ಬಿದ್ದುಹೋಯಿತು. ನನ್ನ ಮಸೂದೆಗೆ ನಾನೇ ಮತ ಹಾಕುವಂತಿರಲಿಲ್ಲ, ನೋಡು.

ಪಕ್ಷದವರು ಮತ್ತೆ ನನ್ನನ್ನೇ ನಿಲ್ಲಿಸುತ್ತಾರಂತೆ, ತಂತಿ ಬಂದಿದೆ. ಒಪ್ಪಿಕೊಂಡೆ. ಇನ್ನೆರಡು ವರ್ಷ ಸಿಕ್ಕರೆ ಸೇತುವೆ ಖಂಡಿತ ಆಗುತ್ತದೆ. ಬೇಸಿಗೆಯಲ್ಲಿ ಬರುವುದು ಕಷ್ಟ, ಇಲ್ಲಿನ ಕಚೇರಿಗಳನ್ನು ಸುತ್ತಬೇಕು. ಆಗಸ್ಟಿನಲ್ಲಿ ಪ್ರಚಾರಕ್ಕೆ ಬಂದೇ ಬರುತ್ತೇನೆ. ನಿನ್ನ ಮತವನ್ನು ನನಗಾಗಿ ಕಾದಿಡು.

ನಿನ್ನ,
ಎ. ಹ್ಯಾಲೋಕ್


ಸೇಜ್ ಫೋರ್ಕ್
೧೪ ಜೂನ್ ೧೮೭೪

ಪ್ರಿಯ ಅಬ್ನರ್,

ಮತ ಕೇಳಿದೆಯಲ್ಲ, ಉತ್ತರ ತಗೋ. ನನ್ನ ಮತ ನಿನ್ನ ಎದುರು ನಿಂತಿರುವ ಕ್ಯಾಪ್ಟನ್ ಡನ್‌ಫಿಗೆ.

ನಗಬೇಡ. ಡನ್‌ಫಿ ಎಂಥವನೆಂದು ನನಗೂ ಗೊತ್ತು. ಬೆಳಿಗ್ಗೆ ಎದ್ದರೆ ವಿಸ್ಕಿ, ಮಲಗಿದರೆ ಗೊರಕೆ, ನಡುವೆ ಸುಳ್ಳು. ಅವನು ವಾಷಿಂಗ್ಟನ್‌ಗೆ ಹೋದರೆ ಟೆರಿಟರಿಗೆ ಕವಡೆಯಷ್ಟೂ ಲಾಭವಿಲ್ಲ. ಆದರೆ ಅವನು ಅಲ್ಲಿಗೆ ಹೋದರೆ ನೀನು ಇಲ್ಲಿಗೆ ಬರಬೇಕಾಗುತ್ತದೆ. ನನಗೆ ಬೇರೆ ಲೆಕ್ಕ ಬೇಡ.

ಅಂಗಡಿಯಲ್ಲಿ ಎಲ್ಲರೆದುರೇ ಹೇಳಿಬಿಟ್ಟೆ. ಕಮ್ಮಾರನ ಹೆಂಡತಿ ಹಲ್ಡಾ ಕೈಯಲ್ಲಿದ್ದ ಹಿಟ್ಟಿನ ಚೀಲ ಬಿಟ್ಟಳು. “ಅಯ್ಯೋ, ಗಂಡನ ವಿರುದ್ಧ ವೋಟಾ?” ಎಂದಳು.

“ಗಂಡನ ವಿರುದ್ಧ ಅಲ್ಲ ಕಣೇ. ಗಂಡ ಬೇಕು ಅಂತ.”

“ಎಲ್ಲರಿಗೂ ಕಾಣತ್ತಲ್ಲೇ! ಡನ್‌ಫಿ ಹೆಸರು ಅಚ್ಚು ಹಾಕಿದ ಚೀಟಿ ಹಳದಿ, ನಿಮ್ಮವರದ್ದು ಬಿಳಿ.”

“ಕಾಣಲಿ ಬಿಡು. ಅವರಿಗೂ ಒಂಚೂರು ಕಾಣಲಿ.”

ಅಬ್ನರ್, ಮನೆಗೆ ಮಾರಿ, ಊರಿಗೆ ಉಪಕಾರಿ ಎಂದು ನಿನ್ನನ್ನು ಬೈಯಲು ಹೊರಟಿದ್ದೆ. ಬೈಗುಳ ಬರುತ್ತಿಲ್ಲ. ನೀನಿಲ್ಲದೆ ನನಗೆ ತುಂಬ ಬೇಜಾರು. ಇಬ್ಬರಿಗೂ ಸೇರಿ ದುಃಖ ಒಂದೇ ಇತ್ತು, ನಿನ್ನ ಪಾಲನ್ನು ನೀನು ಅಷ್ಟು ದೂರ ಹೊತ್ತುಕೊಂಡು ಹೋದೆ. ನನ್ನ ಪಾಲು ನನ್ನೊಬ್ಬಳಿಂದ ಎತ್ತಲಾಗುತ್ತಿಲ್ಲ.

ಆಗಸ್ಟಿನಲ್ಲಿ ಬಂದು ಎರಡು ದಿನ ಈ ಮನೆಯಲ್ಲಿ ಉಂಡು ಮಲಗಿದರೆ ಸಾಕು, ಡನ್‌ಫಿಯ ಚೀಟಿಯನ್ನು ಒಲೆಗೆ ಹಾಕುತ್ತೇನೆ.

ನಿನ್ನ,
ಥರ್ಜಾ


ಲ್ಯಾಮ್ ಸೈಡಿಂಗ್, ರೈಲು ನಿಲ್ದಾಣ
೨೩ ಆಗಸ್ಟ್ ೧೮೭೪

ಪ್ರಿಯ ಥರ್ಜಾ,

ರೈಲು ದಾರಿಯ ಊರುಗಳಲ್ಲೆಲ್ಲ ಸಭೆಗಳು ಚೆನ್ನಾಗಿ ನಡೆದವು. ಇಲ್ಲಿಂದ ಸೇಜ್ ಫೋರ್ಕ್‌ಗೆ ಅರ್ಧ ದಿನದ ಹಾದಿ. ನಿನ್ನೆ ಬಾಡಿಗೆ ಕುದುರೆ ಹಿಡಿದು ಹೊರಟೂ ಹೊರಟೆ. ಮಧ್ಯಾಹ್ನದ ಹೊತ್ತಿಗೆ ಹೊಳೆಯ ದಂಡೆ ಮುಟ್ಟಿದೆ. ಕುದುರೆ ಕುಂಟುತ್ತಿತ್ತು. ನೀರೂ ಹೆಚ್ಚಾಗಿತ್ತು. ಸ್ವಲ್ಪ ಹೊತ್ತು ನಿಂತಿದ್ದು ಹಿಂದಿರುಗಿದೆ. ನಮ್ಮ ಹೊಗೆಕೊಳವೆಯಿಂದ ಹೊಗೆ ಬರುತ್ತಿದ್ದುದು ಕಾಣಿಸಿತು.

ನಾಳೆ ಪಶ್ಚಿಮದ ಕಡೆ ಸಭೆಗಳಿವೆ, ತಪ್ಪಿಸುವಂತಿಲ್ಲ.

ನಿನ್ನ ಮತ ನಿನ್ನದು. ಆ ಹಕ್ಕನ್ನು ಕಾನೂನಿನಲ್ಲಿ ಬರೆದವನು ನಾನು, ಅದನ್ನು ಹೇಗೆ ಬಳಸಬೇಕೆಂದು ಹೇಳುವ ಅಧಿಕಾರ ನನಗಿಲ್ಲ. ತಮಾಷೆಗೆ ಬರೆದೆ ಎಂದೇ ತಿಳಿದಿದ್ದೇನೆ.

ಎ. ಹ್ಯಾಲೋಕ್


ವಾಷಿಂಗ್ಟನ್
೩೦ ಸೆಪ್ಟೆಂಬರ್ ೧೮೭೪

ಥರ್ಜಾ,

ಸೋಲಿನ ಸುದ್ದಿ ತಂತಿಯಲ್ಲಿ ತಿಳಿಯಿತು. ಮಿಕ್ಕದ್ದನ್ನು ಡನ್‌ಫಿಯ ಪತ್ರಿಕೆಯಲ್ಲಿ ಓದಿದೆ, ಯಾರೋ ಪುಣ್ಯಾತ್ಮರು ಕಳಿಸಿಕೊಟ್ಟಿದ್ದರು. ‘ಜಡ್ಜ್‌ರ ಶ್ರೀಮತಿಯವರು ಹಳದಿ ಚೀಟಿ ಹಿಡಿದು ತಲೆಯೆತ್ತಿ ನಡೆದು ಬಂದರು, ಊರಿನ ಹೆಂಗಸರೆಲ್ಲ ಹಿಂಬಾಲಿಸಿದರು.’ ಸೇಜ್ ಫೋರ್ಕ್ ನನ್ನ ಕೈಬಿಡದಿದ್ದರೆ ಗೆಲ್ಲುತ್ತಿದ್ದೆ. ಬೇರೆ ಊರು ಯಾವುದಾದರೂ ಆಗಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಹೇಳಿದಂತೆಯೇ ಮಾಡಿದೆ. ನಿನ್ನ ಮೇಲೆ ಸುಳ್ಳಿನ ಆರೋಪ ಹೊರಿಸಲಾರೆ.

ಮಾರ್ಚ್ ನಾಲ್ಕರ ತನಕ ನನ್ನ ಅವಧಿ ಇದೆ. ಆಮೇಲೆ ಆರೆಗನ್‌ಗೆ ಹೋಗುವುದೆಂದು ಯೋಚಿಸಿದ್ದೇನೆ, ಪೋರ್ಟ್‌ಲೆಂಡಿನಲ್ಲಿ ಹಳೆಯ ಸಹಪಾಠಿಯೊಬ್ಬನ ಕಚೇರಿಯಿದೆ. ಮನೆ ನಿನ್ನ ಹೆಸರಿನಲ್ಲಿಯೇ ಇದೆ. ಪುಸ್ತಕಗಳನ್ನು ಕಟ್ಟಿ ಕಳಿಸಲು ಲಿಂಡ್‌ಕ್ವಿಸ್ಟ್‌ಗೆ ಬರೆಯುತ್ತೇನೆ, ನಿನಗೆ ತೊಂದರೆಯಾಗುವುದಿಲ್ಲ.

ಎ. ಹ್ಯಾಲೋಕ್
ಟೆರಿಟರಿಯ ಪ್ರತಿನಿಧಿ


ಸೇಜ್ ಫೋರ್ಕ್
೮ ನವೆಂಬರ್ ೧೮೭೪

ಅಬ್ನರ್,

ಪತ್ರಿಕೆಯಲ್ಲಿ ಬಂದದ್ದು ನಿಜ. ನನ್ನ ಕೈಯಲ್ಲಿದ್ದದ್ದು ಹಳದಿ ಚೀಟಿಯೇ. ಊರೆಲ್ಲ ನೋಡಿದೆ.

ಅದಕ್ಕಿಂತ ಹೆಚ್ಚು ನಾನು ಹೇಳುವುದಿಲ್ಲ. ಹೇಳಿದರೆ ನೀನು ಸಾಕ್ಷಿ ವಿಚಾರಣೆಗೆ ಕೂರುತ್ತೀಯ. ನನ್ನ ಮಾತು ಗೆದ್ದಿತೆಂದು ನೀನು ಬರುವುದಾದರೆ, ಅಂಥ ಬರುವಿಕೆ ನನಗೆ ಬೇಡ.

ಹೊಳೆ ಅಂಚಿನಲ್ಲಿ ಹೆಪ್ಪುಗಟ್ಟಲು ಶುರುವಾಗಿದೆ. ಆಗಸ್ಟಿನಲ್ಲಿ ನೀನು ಆಚೆ ದಡದಲ್ಲಿ ನಿಂತಿದ್ದನ್ನು ನಾನೂ ನೋಡಿದೆ. ದಿಬ್ಬದ ಮೇಲಿದ್ದೆ. ಮೊದಲು ಗುರುತು ಸಿಕ್ಕಲಿಲ್ಲ, ಆಮೇಲೆ ಟೋಪಿ ತೆಗೆದೆಯಲ್ಲ, ಆಗ ಗೊತ್ತಾಯಿತು. ಕೂಗಿದೆ. ಗಾಳಿ ಈ ಕಡೆಗಿತ್ತು. ನಿನ್ನ ಕುದುರೆ ಕುಂಟುತ್ತಿರಲಿಲ್ಲ, ಅಬ್ನರ್. ನೀರು ಮೊಣಕಾಲಿನಷ್ಟಿತ್ತು.

ಕೆಂಪು ಹುಂಜ ಸತ್ತಿತು. ನಿನ್ನ ಕುರ್ಚಿ ಖಾಲಿಯಿದೆ.

ಥರ್ಜಾ


ಲಿಂಡ್‌ಕ್ವಿಸ್ಟ್ ಅಂಗಡಿ, ಸೇಜ್ ಫೋರ್ಕ್
೧೭ ಜನವರಿ ೧೮೭೫

ಮಾನ್ಯ ಜಡ್ಜ್ ಸಾಹೇಬರಿಗೆ ಗಸ್ತಾವ್ ಲಿಂಡ್‌ಕ್ವಿಸ್ಟ್‌ನ ನಮಸ್ಕಾರ.

ನಿಮ್ಮ ಪುಸ್ತಕಗಳನ್ನು ಸೋಪಿನ ಪೆಟ್ಟಿಗೆಗಳಲ್ಲಿ ಕಟ್ಟುತ್ತಿದ್ದೇನೆ. ವಾಸನೆ ಸ್ವಲ್ಪ ಹಿಡಿಯಬಹುದು. ಕಾನೂನಿಗೆ ಅದರಿಂದ ನಷ್ಟವಿಲ್ಲ.

ಒಂದು ವಿಷಯ ನಿನ್ನೆಯಿಂದ ತಲೆ ತಿನ್ನುತ್ತಿದೆ. ನಿಮಗೆ ತಿಳಿದಂತೆ ಚುನಾವಣೆಯ ದಿನ ನನ್ನ ಅಂಗಡಿಯೇ ಮತಗಟ್ಟೆ. ಮತ ಎಣಿಸಲು ಮೂವರು ಪಂಚರು: ನಾನು, ಕಮ್ಮಾರ, ಮತ್ತೆ ಡನ್‌ಫಿ ಕಡೆಯ ಸ್ಪ್ರಾಗ್. ಹಳದಿ ಚೀಟಿಗಳನ್ನು ಬಿಡಿಸುವಾಗ ಒಂದರಲ್ಲಿ ಡನ್‌ಫಿಯ ಹೆಸರಿನ ಮೇಲೆ ಪೆನ್ಸಿಲಿನಿಂದ ಗೀಟು ಎಳೆದಿತ್ತು. ಎಳೆದ ಜೋರಿಗೆ ಕಾಗದ ಹರಿದಿತ್ತು. ಅದರ ಪಕ್ಕ ಕೈಯಲ್ಲಿ ಬರೆದದ್ದು ಒಂದೇ ಮಾತು: ಅಬ್ನರ್.

“ಅಬ್ನರ್ ಅಂದ್ರೆ ಯಾರ್ರೀ?” ಎಂದ ಸ್ಪ್ರಾಗ್.

“ಮೇಲಿನ ಗಣೀಲಿ ಒಬ್ಬ ಅಬ್ನರ್ ಇದ್ದ. ಹೇಸರಗತ್ತೆ ಒದ್ದು ಸತ್ತೋದ” ಎಂದ ಕಮ್ಮಾರ.

“ಸತ್ತವನಿಗೆ ವೋಟು ಹಾಕೋ ಕಾಲ ಬಂತಾ!”

ನನಗೂ ತಿಳಿಯಲಿಲ್ಲ ಸಾಹೇಬರೆ. ಮೊದಲನೆಯ ಚುನಾವಣೆಯಲ್ಲಿ ಕುಡುಕರು ‘ಕುಳ್ಳ’, ‘ಮೂಗ’, ‘ನಮ್ಮ ಹೇಸರಗತ್ತೆ’ ಎಂದೆಲ್ಲ ಬರೆದು ಹಾಕಿದ್ದರಲ್ಲ, ಆಮೇಲೆ ನೀವೇ ಒಂದು ಕಲಮು ಸೇರಿಸಿದಿರಿ: ಅಭ್ಯರ್ಥಿಯ ಮನೆತನದ ಹೆಸರಿಲ್ಲದ ಚೀಟಿ ಅಸಿಂಧು. ಅದನ್ನು ಓದಿ ಹೇಳಿದೆ. ಮೂವರೂ ಒಪ್ಪಿ ಆ ಚೀಟಿಯನ್ನು ತೆಗೆದುಹಾಕಿದೆವು.

ನಿನ್ನೆ ನಿಮ್ಮ ದೊಡ್ಡ ಪುಸ್ತಕದ ಮೊದಲ ಹಾಳೆ ತಿರುಗಿಸಿದಾಗ ‘ಅಬ್ನರ್ ಹ್ಯಾಲೋಕ್‌ಗೆ, ತಂದೆಯ ಆಶೀರ್ವಾದ’ ಎಂದಿತ್ತು. ಇಷ್ಟು ವರ್ಷ ನಿಮಗೆ ಉಪ್ಪು, ಸೀಮೆಎಣ್ಣೆ ಮಾರಿದ್ದೇನೆ, ನಿಮ್ಮ ಹೆಸರೇ ನನಗೆ ಗೊತ್ತಿರಲಿಲ್ಲ. ನಿಮ್ಮ ಬಿಳಿ ಚೀಟಿಯಲ್ಲೂ ‘ಜಡ್ಜ್ ಎ. ಹ್ಯಾಲೋಕ್’ ಎಂದಷ್ಟೇ ಅಚ್ಚಾಗಿತ್ತು. ಕಮ್ಮಾರನಿಗೆ ಹೇಳಿದೆ. ಅವನಿಗೂ ಗೊತ್ತಿರಲಿಲ್ಲ. ಇಡೀ ಊರಲ್ಲಿ ನಿಮ್ಮನ್ನು ಆ ಹೆಸರಿನಿಂದ ಕರೆಯುವವರು ಯಾರಿದ್ದಾರೆಂದು ನಾವಿಬ್ಬರೂ ಯೋಚಿಸಿದೆವು. ಹೆಚ್ಚು ಹೊತ್ತು ಯೋಚಿಸಬೇಕಾಗಲಿಲ್ಲ.

ಆ ದಿನ ಅಮ್ಮನವರು ಗಲ್ಲಾ ಪಕ್ಕದ ಪೆನ್ಸಿಲ್ ಕೇಳಿ ತೆಗೆದುಕೊಂಡು, ನಮಗೆ ಬೆನ್ನು ಮಾಡಿ ಸ್ವಲ್ಪ ಹೊತ್ತು ನಿಂತಿದ್ದರು. ಸಾಮಾನಿನ ಪಟ್ಟಿ ಬರೆಯುತ್ತಿದ್ದಾರೆ ಅಂದುಕೊಂಡಿದ್ದೆ.

ಪಂಚನಾದವನು ಇದನ್ನೆಲ್ಲ ಹೊರಗೆ ಹೇಳಬಾರದು, ತಿಳಿದಿದೆ. ಪೆಟ್ಟಿಗೆಗಳಿಗೆ ಮೊಳೆ ಹೊಡೆದಿಲ್ಲ. ಕಳಿಸಲೋ ಬೇಡವೋ ಒಂದು ಮಾತು ಬರೆಯಿರಿ.

ತಮ್ಮ ವಿಧೇಯ,
ಗ. ಲಿಂಡ್‌ಕ್ವಿಸ್ಟ್


ವಾಷಿಂಗ್ಟನ್
೪ ಮಾರ್ಚ್ ೧೮೭೫

ಪ್ರಿಯ ಥರ್ಜಾ,

ಸಭೆ ಇವತ್ತು ಮುಗಿಯಿತು. ಎಲ್ಲರೂ ಒಬ್ಬರನ್ನೊಬ್ಬರು ಅಪ್ಪಿಕೊಳ್ಳುತ್ತಿದ್ದರು. ನಾನು ಮೇಜಿನ ಖಾನೆ ಖಾಲಿ ಮಾಡಿ ಬಾಗಿಲ ಪಕ್ಕದಿಂದ ಎದ್ದು ಬಂದೆ. ಆ ಕುರ್ಚಿಯ ಗುಣವೆಂದರೆ ಅಷ್ಟೇ, ಹೊರಗೆ ಹೋಗಲು ಅನುಕೂಲ.

ಲಿಂಡ್‌ಕ್ವಿಸ್ಟ್ ಬರೆದಿದ್ದಾನೆ. ಅವನ ಮೇಲೆ ಸಿಟ್ಟಾಗಬೇಡ. ಅವನ ಪತ್ರ ಬಂದು ಬಹಳ ದಿನವಾಯಿತು, ನಾನು ತಕ್ಷಣ ಬರೆಯಲಿಲ್ಲ. ಕೂತು ಯೋಚಿಸಿದೆ. ನಾನು ಸೋಲಬೇಕೆಂದು ನಿನಗಿತ್ತು, ಆದರೆ ನಿನ್ನ ಕೈಯಿಂದ ಸೋಲಬಾರದೆಂದೂ ಇತ್ತು. ಊರಿಗೆ ಹಳದಿ ತೋರಿಸಿ ಒಳಗೆ ನನ್ನ ಹೆಸರು ಬರೆದೆ. ಅದನ್ನು ನನಗೆ ಒಂದು ಸಾಲಿನಲ್ಲಿ ಹೇಳಬಹುದಿತ್ತು. ಯಾಕೆ ಹೇಳಲಿಲ್ಲವೆಂದು ಈಗ ತಿಳಿಯುತ್ತದೆ. ಬರುವವನು ಹೇಳಿಸಿಕೊಳ್ಳದೆಯೇ ಬರಬೇಕಿತ್ತು.

ಪಂಚರು ಮಾಡಿದ್ದು ಕಾನೂನಿನ ಪ್ರಕಾರ ಸರಿ. ಆ ಕಲಮು ನನ್ನದೇ. ಬರೆದ ರಾತ್ರಿ ನೀನು ಬತ್ತಿ ಕತ್ತರಿಸುತ್ತ, “ಸಾಕು ಮಲ್ಕೋ ಅಬ್ನರ್” ಎಂದಿದ್ದೆ. ಮಲಗಿದ್ದರೆ ಚೆನ್ನಾಗಿತ್ತು.

ಪುಸ್ತಕಗಳನ್ನು ಮನೆಗೇ ಹಿಂದಿರುಗಿಸಲು ಅವನಿಗೆ ಬರೆದಿದ್ದೇನೆ. ನಾಳೆಯ ರೈಲಿಗೆ ಹೊರಡುತ್ತೇನೆ. ಬಂದು ಸೇರುವ ಹೊತ್ತಿಗೆ ಹೆಪ್ಪು ಒಡೆದು ಹೊಳೆಯಲ್ಲಿ ನೀರು ಬಿಟ್ಟಿರುತ್ತದೆ. ಒಡೆಯದಿದ್ದರೆ ಒಡೆಯುವವರೆಗೆ ಲ್ಯಾಮ್ ಸೈಡಿಂಗಿನಲ್ಲಿ ಕಾಯುತ್ತೇನೆ. ಸೇತುವೆ ಆಗಲಿಲ್ಲ, ಕಡವಿನಲ್ಲೇ ಇಳಿಯುತ್ತೇನೆ. ನೀನು ದಿಬ್ಬದ ಮೇಲೆ, ಈಬೆನ್‌ನ ಹತ್ತಿರ ಇರು. ಅಲ್ಲಿಂದ ನಾನು ಕಾಣುತ್ತೇನೆ. ಗಾಳಿ ಎತ್ತ ಬೀಸಿದರೂ ಕೂಗು.

ಚುನಾವಣೆಯಲ್ಲಿ ನನಗೆ ಬಿದ್ದದ್ದು ಆ ಒಂದೇ ಮತ, ಥರ್ಜಾ. ಉಳಿದವೆಲ್ಲ ಜಡ್ಜ್‌ಗೆ ಬಿದ್ದವು.

ನಿನ್ನ,
ಅಬ್ನರ್